ಸ್ನೋಕೈಟಿಂಗ್‌ಗೆ ಗಿಡ್ಡ ಸ್ಕೀ ಸಾಕು ಎನ್ನುವವರನ್ನು ನಂಬಬೇಡಿ

ನಾರ್ವೆಯಲ್ಲಿರುವ ಕನ್ನಡಿಗರಲ್ಲಿ ಯಾರಾದರೂ ಈ ಚಳಿಗಾಲದಲ್ಲಿ ಸ್ನೋಕೈಟಿಂಗ್, ಅಂದರೆ ಕೈಟ್ ಎನ್ನುವ ದೊಡ್ಡ ಗಾಳಿಪಟದ ಎಳೆತದಿಂದ ಹಿಮದ ಮೇಲೆ ಸಾಗುವುದನ್ನು, ಕಲಿಯಬೇಕೆಂದಿದ್ದರೆ, ಅದಕ್ಕಾಗಿ ಒಂದು ಮೀಟರಿಗಿಂತ ಗಿಡ್ಡವಾದ, ಬಿದ್ದಾಗ ಬೂಟಿನಿಂದ ಕಳಚಿಕೊಳ್ಳದ ಸ್ಕೀಗಳನ್ನು ಯಾರು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಬಾಡಿಗೆಗೂ ತೆಗೆದುಕೊಳ್ಳಬೇಡಿ. "ಹೊಸಬರಿಗೆ ಇದೇ ಸುಲಭ" ಎಂದು ಹೇಳಿದವರು ಸ್ವತಃ ತರಬೇತಿ ನಡೆಸುವವರಾಗಿದ್ದರೂ ಕೊಳ್ಳಬೇಡಿ. ನನಗೆ ಹಾಗೆ ಹೇಳಿ ಮಾರಿದವರು ತರಬೇತಿ ನಡೆಸುವವರೇ ಆಗಿದ್ದರು. ಆದ್ದರಿಂದಲೇ ನಂಬಿದೆ, ಆದ್ದರಿಂದಲೇ ಸಿಟ್ಟು ಇನ್ನೂ ಆರಿಲ್ಲ.

ನಾನು ಕೊಂಡದ್ದು 99 ಸೆಂಟಿಮೀಟರ್ ಉದ್ದದ ಒಂದು ಜೋಡಿ, ಸ್ನೋಬ್ಲೇಡ್ ಎಂದು ಕರೆಯುವ ಬಗೆಯದು. ಹಳೆಯ ಸಾಮಾನು ಮಾರುವ ಜಾಲತಾಣದಲ್ಲಿ "ಸ್ನೋಕೈಟಿಂಗ್‌ಗೆ ಹೇಳಿಮಾಡಿಸಿದ ಸ್ಕೀ, ಕಲಿಯುವವರಿಗೆ ಅತ್ಯುತ್ತಮ" ಎಂಬ ವಿವರಣೆಯೊಂದಿಗೆ 1,800 ಕ್ರೋನರ್‌ಗೆ ಹಾಕಿದ್ದರು. ಮಾರಿದವರು ಹವ್ಯಾಸಕ್ಕೆ ಮನೆಯ ಮೂಲೆ ಖಾಲಿಮಾಡುತ್ತಿದ್ದವರಲ್ಲ. ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯ ಕಡೆ ಕೈಟ್ ಬಾಡಿಗೆ ಕೊಡುವ, ಹೊಸಬರಿಗೆ ಪಾಠ ಹೇಳಿಕೊಡುವ ಚಿಕ್ಕ ವ್ಯವಹಾರವೊಂದರ ಮಾಲೀಕರು. ಹೆಸರು ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ.

ಕರ್ನಾಟಕದಲ್ಲಿ ಬೆಳೆದ ನಮಗೆ ಹಿಮವೂ ಸ್ಕೀಯೂ ಬಾಲ್ಯದ ಪರಿಚಯವಲ್ಲ. ಇಲ್ಲಿನ ಮಕ್ಕಳು ಸರಿಯಾಗಿ ಮಾತು ಬರುವ ಮೊದಲೇ ಸ್ಕೀ ಕಟ್ಟಿಕೊಂಡಿರುತ್ತಾರೆ. ನಾವು ದೊಡ್ಡವರಾದ ಮೇಲೆ, ಕೆಲಸಕ್ಕೆಂದು ಬಂದ ಮೇಲೆ, ಬಾಡಿಗೆ ಸಾಮಾನಿನಲ್ಲಿ ಕಲಿಯುತ್ತೇವೆ. ಇದನ್ನು ನಾನೇ ಮಾರಾಟಗಾರರಿಗೆ ಮೊದಲ ಸಂದೇಶದಲ್ಲಿ ಬರೆದಿದ್ದೆ: ಇಳಿಜಾರಿನ ಸ್ಕೀ ಸಾಧಾರಣವಾಗಿ ಬರುತ್ತದೆ, ಕೈಟ್ ಹಾರಿಸುವುದನ್ನು ನೆಲದ ಮೇಲೆ ಅಭ್ಯಾಸ ಮಾಡಿದ್ದೇನೆ, ತೂಕ 78 ಕಿಲೋ, ಹೋಗಬೇಕೆಂದಿರುವುದು ಹೌಗಾಸ್ಟೋಲ್‌ಗೆ, ಇದಕ್ಕೆ ಈ ಸ್ಕೀ ಸರಿಯೇ ಎಂದು. ಇಷ್ಟು ಸ್ಪಷ್ಟವಾಗಿ ಕೇಳಿದವನಿಗೆ ಬಂದ ಉತ್ತರ ಇದು: "ಖಂಡಿತ ಸರಿ. ಉದ್ದನೆಯ ಸ್ಕೀ ನಿಮ್ಮಂಥ ಹೊಸಬರಿಗೆ ತೊಡಕು, ಒಂದರ ಮೇಲೊಂದು ಹತ್ತಿ ಬೀಳುತ್ತೀರಿ. ಎಳೆಯುವುದು ಕೈಟ್, ಸ್ಕೀಗೆ ಹೆಚ್ಚಿನ ಕೆಲಸವೇ ಇರುವುದಿಲ್ಲ." ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ಕಳಚಿಕೊಳ್ಳುವಂಥದ್ದೇ ಎಂದೂ ಕೇಳಿದೆ. "ಇಷ್ಟು ಗಿಡ್ಡ ಸ್ಕೀಗೆ ಅದರ ಅಗತ್ಯವಿಲ್ಲ, ಕಾಲನ್ನು ತಿರುಚುವಷ್ಟು ಉದ್ದವೇ ಇಲ್ಲವಲ್ಲ" ಎಂದರು. ಜೊತೆಗೆ, 1996-97ರಲ್ಲಿ ಒಂಟಿಯಾಗಿ ಅಂಟಾರ್ಕ್ಟಿಕವನ್ನು ದಾಟಿದ ಬೋರ್ಗೆ ಔಸ್‌ಲಾಂಡ್ ಅವರ ಕಥೆಯನ್ನೂ ಹೇಳಿ, ಹಿಮದ ಮೇಲೆ ಗಾಳಿಯ ಬಲದಿಂದ ಸಾಗುವುದು ನಾರ್ವೆಯವರ ರಕ್ತದಲ್ಲೇ ಇದೆ ಎಂದು ಬರೆದರು. ಔಸ್‌ಲಾಂಡ್ ಹಾಯಿಯ ನೆರವು ಪಡೆದು ಆ ಖಂಡವನ್ನು ದಾಟಿದ್ದು ನಿಜ. ಆ ಯಾತ್ರೆಗೂ ನನಗೆ ಮಾರಿದ ಈ ಗಿಡ್ಡ ಸ್ಕೀಗೂ ಏನು ಸಂಬಂಧ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಫೋನಿನಿಂದ ಹಣ ಕಳುಹಿಸುವ ವಿಪ್ಸ್ ಆ್ಯಪ್‌ನಲ್ಲಿ ಹಣ ಕಳುಹಿಸಿದೆ, ಅಂಚೆಯಲ್ಲಿ ಸ್ಕೀ ಬಂತು. ಅಲ್ಲಿಯವರೆಗೆ ಎಲ್ಲವೂ ಇಂಥ ವ್ಯವಹಾರ ಹೇಗೆ ನಡೆಯಬೇಕೋ ಹಾಗೆಯೇ ನಡೆಯಿತು.

ಹೌಗಾಸ್ಟೋಲ್ ಗೊತ್ತಿಲ್ಲದವರಿಗೆ ಎರಡು ಮಾತು. ಓಸ್ಲೋದಿಂದ ಬರ್ಗೆನ್‌ಗೆ ಹೋಗುವ ರೈಲುದಾರಿಯಲ್ಲಿ, ಯೈಲೊ ದಾಟಿದ ಮೇಲೆ, ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಚಿಕ್ಕ ನಿಲ್ದಾಣವದು. ಪಕ್ಕದಲ್ಲಿ ಚಳಿಗಾಲವಿಡೀ ಹೆಪ್ಪುಗಟ್ಟಿರುವ ಉಸ್ಟೆವಾಟ್ನ್ ಸರೋವರ, ಅದರಾಚೆಗೆ ಮರಗಳಿಲ್ಲದ ವಿಸ್ತಾರವಾದ ಪ್ರಸ್ಥಭೂಮಿ. ಗಾಳಿಗೆ ಅಡ್ಡಿಯಿಲ್ಲದ ಜಾಗವಾದ್ದರಿಂದ ಕೈಟ್ ಹಿಡಿದವರೆಲ್ಲ ಅಲ್ಲಿಗೆ ಬರುತ್ತಾರೆ. ರೆಡ್ ಬುಲ್ ರಾಗ್ನರಾಕ್ ಎಂಬ ದೊಡ್ಡ ಸ್ಪರ್ಧೆ ನಡೆದದ್ದೂ ಅಲ್ಲೇ. ಸುಂದರವಾದ ಜಾಗ. ಗಾಳಿ ಏರಿದರೆ ಕನಿಕರವಿಲ್ಲದ ಜಾಗವೂ ಹೌದು.

ಮೊದಲ ಸಲ ಗಾಳಿ ಮೆಲುವಾಗಿತ್ತು. ಸ್ಕೀ ಜಾರಿತು, ಆದರೆ ಬೇಕಾದ ದಿಕ್ಕಿಗೆ ಜಾರಲಿಲ್ಲ. ಕೈಟ್ ಯಾವಾಗಲೂ ಪಕ್ಕಕ್ಕೆ, ಗಾಳಿ ಬೀಸುವ ಕಡೆಗೆ ಎಳೆಯುತ್ತಿರುತ್ತದೆ. ಆ ಎಳೆತವನ್ನು ಎದುರಿಸಿ ಗಾಳಿಗೆ ಅಡ್ಡವಾಗಿಯೋ, ಸ್ವಲ್ಪ ಗಾಳಿಯೆದುರಿಗೋ ಸಾಗಬೇಕಾದರೆ ಸ್ಕೀಯ ಲೋಹದ ಅಂಚು ಹಿಮವನ್ನು ಉದ್ದಕ್ಕೂ ಕಚ್ಚಿ ಹಿಡಿಯಬೇಕು. ಅಂಚು ಉದ್ದವಿದ್ದಷ್ಟೂ ಹಿಡಿತ, ಉದ್ದವಿದ್ದಷ್ಟೂ ನೇರ ಓಟ. ನನ್ನ ಪಾದದ ಕೆಳಗೆ ಇದ್ದದ್ದು ಅಡುಗೆಮನೆಯ ಮಣೆಯಷ್ಟೇ ಎನ್ನಬಹುದಾದ ವಸ್ತು. ಅದು ಹಿಡಿಯದೆ ಅಡ್ಡಡ್ಡ ಜಾರಿ ನನ್ನನ್ನು ಗಾಳಿ ಬೀಸುವ ಕಡೆಗೇ ಒಯ್ಯುತ್ತಿತ್ತು. ಸರೋವರದ ಕೊನೆ ಮುಟ್ಟುವುದು, ಕೈಟ್ ಮಡಚುವುದು, ಹೊರಟ ಜಾಗಕ್ಕೆ ನಡೆದು ಬರುವುದು, ಇಷ್ಟೇ ಆಯಿತು. ಸ್ಕೀಗೆ ಹೆಚ್ಚಿನ ಕೆಲಸವಿಲ್ಲ ಎಂದಿದ್ದರಲ್ಲ! ಕೆಲಸದ ಅರ್ಧಪಾಲು ಸ್ಕೀಯದೇ.

ಸಂಜೆ ಮಾರಾಟಗಾರರಿಗೆ ಇದನ್ನೆಲ್ಲ ವಿವರವಾಗಿ ಬರೆದು, ಸ್ಕೀ ಅಡ್ಡ ಜಾರುತ್ತಿದೆ, ಏನು ಮಾಡಲಿ ಎಂದು ಕೇಳಿದೆ. ಅವರ ಉತ್ತರವನ್ನು ಇಂದಿಗೂ ತೆಗೆದು ಓದುತ್ತೇನೆ, ಓದಿದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. "ನಿಮ್ಮ ಕೈಟ್ ಚಿಕ್ಕದಾಯಿತು. ದೊಡ್ಡದು ತೆಗೆದುಕೊಳ್ಳಿ, ಎಳೆತ ಹೆಚ್ಚಾದರೆ ಸ್ಕೀ ತಾನಾಗಿ ನೇರ ಓಡುತ್ತದೆ. ನಮ್ಮಲ್ಲೇ ಬಾಡಿಗೆಗೆ ಸಿಗುತ್ತದೆ." ಅಡ್ಡ ಎಳೆತವನ್ನು ತಡೆಯಲಾಗದ ಸ್ಕೀಗೆ ಇನ್ನಷ್ಟು ಎಳೆತ ಕೊಡಿ ಎಂದು, ಪಾಠ ಹೇಳಿಕೊಡುವ ವ್ಯಕ್ತಿ, ಹೊಸಬನಿಗೆ ಹೇಳಿದ ಸಲಹೆ ಇದು. ಏಳು ಚದರ ಮೀಟರಿನ ಕೈಟ್ ಬಿಟ್ಟು ಹತ್ತು ಚದರ ಮೀಟರಿನದನ್ನು ಅವರಿಂದಲೇ ಬಾಡಿಗೆಗೆ ಪಡೆದೆ.

ಗಾಳಿಯ ಲೆಕ್ಕ ಗೊತ್ತಿರುವವರಿಗೆ ಮುಂದೇನಾಯಿತೆಂದು ಹೇಳಬೇಕಾಗಿಲ್ಲ. ಎಳೆತವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುತ್ತಿದ್ದ ಗಾಳಿ 10 ಮೀಟರಿಗೆ ಏರಿದರೆ ಎಳೆತ ಹೆಚ್ಚುಕಡಿಮೆ ಎರಡೂಮುಕ್ಕಾಲು ಪಟ್ಟಾಗುತ್ತದೆ. ಕೈಟ್ ನಡೆಸಲು ಕೈಯಲ್ಲಿ ಹಿಡಿಯುವ ಬಾರನ್ನು ಮುಂದಕ್ಕೆ ಬಿಟ್ಟು ಎಳೆತ ತಗ್ಗಿಸಬಹುದು, ಆದರೆ ಕೈಟ್ ದೊಡ್ಡದಾದಷ್ಟೂ ತಗ್ಗಿಸಿದ ಮೇಲೆ ಉಳಿಯುವ ಎಳೆತವೂ ದೊಡ್ಡದೇ. ಆ ದೊಡ್ಡ ಕೈಟ್ ಹಿಡಿದು ಸರೋವರಕ್ಕೆ ಹೋದ ದಿನ ಮಧ್ಯಾಹ್ನದ ಹೊತ್ತಿಗೆ ಗಾಳಿ ಏರಿತು. ಸರೋವರದ ಮೇಲೆ ಗಾಳಿಯೇ ಕೊರೆದು ಗಟ್ಟಿಮಾಡಿದ ಹಿಮದ ಏಣುಗಳಿರುತ್ತವೆ, ಇಲ್ಲಿನವರು ಅವನ್ನು ಸ್ಕಾವ್ಲರ್ ಎನ್ನುತ್ತಾರೆ. ಉದ್ದನೆಯ ಸ್ಕೀಯ ಮೇಲೆದ್ದ ತುದಿ ಅಂಥ ಏಣನ್ನು ಹತ್ತಿ ದಾಟಿಹೋಗುತ್ತದೆ. ಗಿಡ್ಡ ಸ್ಕೀಯಲ್ಲಿ ಪಾದದ ಮುಂದೆ ಉಳಿದಿರುವುದು ಒಂದೆರಡು ಗೇಣು ಮಾತ್ರ. ಎಡಗಾಲಿನ ಸ್ಕೀಯ ತುದಿ ಏಣಿನೊಳಗೆ ಹೊಕ್ಕು ಅಲ್ಲೇ ಸಿಕ್ಕಿಕೊಂಡಿತು, ನಾನು ಮುಗ್ಗರಿಸಿದೆ, ಕೈಟ್ ನಿಲ್ಲಲಿಲ್ಲ.

ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ: ಕೈಟ್ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಬಿದ್ದವರು ಸ್ವಲ್ಪ ದೂರ ಉರುಳಿ ನಿಲ್ಲುತ್ತಾರೆ, ಅಲ್ಲಿ ಅವರನ್ನು ಎಳೆಯುವವರು ಬೇರೆ ಯಾರೂ ಇಲ್ಲ. ಗಿಡ್ಡ ಸ್ಕೀಗೆ ಕಳಚಿಕೊಳ್ಳುವ ಬೈಂಡಿಂಗ್ ಬೇಡ ಎಂಬ ವಾದ ಹುಟ್ಟಿದ್ದು ಅಂಥ ಇಳಿಜಾರುಗಳಿಗಾಗಿ. ಅಲ್ಲಿಯೂ ಅದು ಪೂರ್ತಿ ನಿಜವಲ್ಲ, ಕಳಚಿಕೊಳ್ಳದ ಬೈಂಡಿಂಗ್‌ನಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಮುರಿಯುವ ಅಪಾಯ ಹಳೆಯ ವಿಷಯ. ಕೈಟ್ ವಿಷಯದಲ್ಲಿ ಆ ವಾದಕ್ಕೆ ಬುಡವೇ ಇಲ್ಲ. ಬಿದ್ದ ಮೇಲೂ ಸೊಂಟದ ಹಾರ್ನೆಸ್ಸನ್ನು ಹಿಡಿದು ಅದು ಎಳೆಯುತ್ತಲೇ ಇರುತ್ತದೆ, ಪಾದ ಏಣಿನಲ್ಲಿ ಸಿಕ್ಕಿರುತ್ತದೆ, ಬೈಂಡಿಂಗ್ ಬಿಡುವುದಿಲ್ಲ, ಆಗ ನಡುವೆ ತಿರುಚಿಕೊಳ್ಳುವುದು ಮೊಣಕಾಲು. ಸಾಮಾನ್ಯ ಸ್ಕೀಯ ಬೈಂಡಿಂಗ್ ನಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ನೋಡಿ ಹೊಂದಿಸಿದ ಮಿತಿ ಮೀರಿದೊಡನೆ ಬೂಟನ್ನು ಬಿಟ್ಟುಕೊಡುತ್ತದೆ. ನನ್ನ ಪಾದಕ್ಕಿದ್ದದ್ದು ಕೈಯಿಂದ ಬಾಗಿ ಬಿಡಿಸದೆ ಬಿಡದ ಲೋಹದ ಪಟ್ಟಿ. ಎದುರಿನ ತುರ್ತು ಬಿಡುಗಡೆಯ ಗುಂಡಿಯನ್ನು ತಳ್ಳಿದ ಮೇಲೆಯೇ ಕೈಟ್ ಬಲ ಕಳೆದುಕೊಂಡು ಕೆಳಗೆ ಬಿತ್ತು. ಮೂಳೆ ಮುರಿಯಲಿಲ್ಲ, ಮೊಣಕಾಲಿನ ಒಳಬದಿಯ ಅಸ್ಥಿರಜ್ಜು ಹರಿದಿತ್ತು. ಆ ಚಳಿಗಾಲದ ಉಳಿದ ಭಾಗ ಊರುಗೋಲು, ಪಟ್ಟಿ, ವ್ಯಾಯಾಮ ಇಷ್ಟರಲ್ಲೇ ಕಳೆಯಿತು.

ಆದರೆ ನನ್ನನ್ನು ಇದನ್ನೆಲ್ಲ ಬರೆಯುವಂತೆ ಮಾಡಿದ್ದು ಮೊಣಕಾಲಿನ ನೋವಲ್ಲ. ದಡದಲ್ಲಿ ಬೂಟು ಸಡಿಲಿಸಿಕೊಂಡು ಕುಳಿತಿದ್ದಾಗ ಸ್ವಲ್ಪ ದೂರದಲ್ಲಿ ಹೊಸಬರ ಒಂದು ತರಗತಿ ನಡೆಯುತ್ತಿತ್ತು. ಕಲಿಸುತ್ತಿದ್ದವರ ಅಂಗಿಯ ಬೆನ್ನಿನ ಮೇಲೆ ನನಗೆ ಸ್ಕೀ ಮಾರಿದವರ ವ್ಯವಹಾರದ ಹೆಸರೇ ಇತ್ತು. ಸಾಲಾಗಿ ನಿಂತಿದ್ದ ವಿದ್ಯಾರ್ಥಿಗಳ ಕಾಲುಗಳನ್ನು ನೋಡಿದೆ. ಒಬ್ಬರ ಕಾಲಲ್ಲೂ ಗಿಡ್ಡ ಸ್ಕೀ ಇರಲಿಲ್ಲ. ಎಲ್ಲರದೂ ನಿಲ್ಲಿಸಿದರೆ ಗಲ್ಲದ ಎತ್ತರ ಬರುವ ಸಾಮಾನ್ಯ ಸ್ಕೀ, ಎಲ್ಲರದೂ ಕಳಚಿಕೊಳ್ಳುವ ಬೈಂಡಿಂಗ್. ನನಗಿಂತ ಹೊಸಬರು, ಕೈಟ್ ಹಿಡಿಯುವುದನ್ನು ಅಂದೇ ಕಲಿಯುತ್ತಿದ್ದವರು. ಉದ್ದನೆಯ ಸ್ಕೀ ಹೊಸಬರಿಗೆ ತೊಡಕು ಎಂದಿದ್ದವರೇ ತಮ್ಮ ಹೊಸಬರಿಗೆಲ್ಲ ಉದ್ದನೆಯ ಸ್ಕೀ ಕೊಟ್ಟಿದ್ದರು. ಶಿಕ್ಷಕರು ನನ್ನ ಸ್ಥಿತಿ ನೋಡಿ ಹತ್ತಿರ ಬಂದರು, ಹಿಮದ ಮೇಲೆ ಬಿದ್ದಿದ್ದ ಜೋಡಿಯನ್ನು ಎತ್ತಿ ನೋಡಿದರು. "ಇದನ್ನು ನಿಮಗೆ ಕೈಟ್‌ಗೆಂದು ಕೊಟ್ಟವರಾರು?" ಎಂದು ಕೇಳಿದರು. ಅವರ ಬೆನ್ನ ಮೇಲಿನ ಹೆಸರನ್ನೇ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಾವು ಇವನ್ನು ಕೈಟ್‌ಗೆ ಕೊಡುವುದಿಲ್ಲ, ಮಳಿಗೆಯ ಹಿಂದೆ ಒಂದು ಪೆಟ್ಟಿಗೆ ತುಂಬ ಬಿದ್ದಿದ್ದವು" ಎಂದರು. ಆ ಯುವಕನ ಮೇಲೆ ನನಗೆ ಸಿಟ್ಟಿಲ್ಲ, ಕೈಟ್ ಮಡಚಿ ನಿಲ್ದಾಣದವರೆಗೆ ಸಾಮಾನು ಹೊತ್ತುಕೊಟ್ಟವರು ಅವರೇ. ಅಷ್ಟು ಜನರೆದುರು ಕುಳಿತಿದ್ದ ನನಗಾದ ಅವಮಾನವನ್ನು ಇಲ್ಲಿ ಹೇಗೆ ಬರೆಯುವುದೆಂದು ತಿಳಿಯುತ್ತಿಲ್ಲ. ಬಿಸಾಡಬೇಕಾದದ್ದನ್ನು, ತಿಳಿಯದ ಊರಿನವನು ಸಿಕ್ಕನೆಂದು, ತಮ್ಮ ವಿದ್ಯಾರ್ಥಿಗಳಿಗೆ ಎಂದೂ ಕೊಡದದ್ದನ್ನು ನನಗೆ ದಾಟಿಸಿದ್ದರು.

ಅಲ್ಲಿಂದ ಮುಂದಿನ ಉತ್ತರಗಳನ್ನು ಕೇಳಿ. ಹಣ ವಾಪಸು ಕೊಡಿ ಎಂದು ಬರೆದಾಗ ಮೊದಲು ಬಂದದ್ದು, "ಸ್ಕೀ ಮುರಿದಿಲ್ಲವಲ್ಲ, ದೋಷವೇನು?" ಎಂಬ ಪ್ರಶ್ನೆ. ನಿಮ್ಮ ವಿದ್ಯಾರ್ಥಿಗಳಿಗೆ ಇವನ್ನೇಕೆ ಕೊಡುವುದಿಲ್ಲ ಎಂದು ಕೇಳಿದಾಗ, "ತರಗತಿಯ ವಿಮೆಯ ನಿಯಮಗಳು ಬೇರೆ" ಎಂದರು. ಅಂದರೆ ಅಪಾಯ ಅವರಿಗೆ ಗೊತ್ತಿತ್ತು! ದೊಡ್ಡ ಕೈಟ್ ತೆಗೆದುಕೊಳ್ಳಲು ಹೇಳಿದ್ದು ನೀವೇ ಎಂದು ಅವರ ಸಂದೇಶವನ್ನೇ ಮರಳಿ ಕಳುಹಿಸಿದಾಗ, "ಗಾಳಿ ಏರಿದಾಗ ನೀವು ದಡಕ್ಕೆ ಬರಬೇಕಿತ್ತು" ಎಂದರು. ಹಳೆಯ ಸಾಮಾನು ಇದ್ದ ಹಾಗೆಯೇ ಮಾರಾಟವಾದದ್ದು, ವಾಪಸಾತಿ ಇಲ್ಲ ಎಂಬುದು ಕೊನೆಯ ಉತ್ತರ. ಒಂದು ಸಲವೂ ಕಾಲು ಹೇಗಿದೆ ಎಂದು ಕೇಳಲಿಲ್ಲ.

ಈ ಕೊನೆಯ ಉತ್ತರಕ್ಕೆ ಹೆದರಿ ಸುಮ್ಮನಾಗುವವರು ನಮ್ಮಲ್ಲಿ ಬಹಳ, ಹಾಗಾಗಿ ಹೇಳುತ್ತೇನೆ. ಮಾರುವವರು ವ್ಯಾಪಾರ ನಡೆಸುವವರಾಗಿದ್ದು, ನೀವು ಜಾಲತಾಣದ ಮೂಲಕ ದೂರದಿಂದಲೇ ಕೊಂಡಿದ್ದರೆ ಸಾಮಾನ್ಯವಾಗಿ 14 ದಿನಗಳೊಳಗೆ ಕಾರಣ ಕೊಡದೆ ಖರೀದಿಯನ್ನು ರದ್ದುಮಾಡುವ ಹಕ್ಕು ನಾರ್ವೆಯ ಕಾನೂನಿನಲ್ಲಿದೆ, ಆ ಹಕ್ಕಿನ ಬಗ್ಗೆ ತಿಳಿಸುವುದು ಅವರ ಕರ್ತವ್ಯ. ನನಗೆ ತಿಳಿಸಿರಲಿಲ್ಲ. "ಇದ್ದ ಹಾಗೆ" ಎಂದು ಮಾರಿದರೂ ಕೊಟ್ಟ ವಿವರಣೆ ಸುಳ್ಳಾಗಿದ್ದರೆ ಹೊಣೆ ತಪ್ಪುವುದಿಲ್ಲ, ಖಾಸಗಿ ವ್ಯಕ್ತಿ ಮಾರಿದ್ದರೂ ಹಾಗೆಯೇ. ಮಾರಾಟಗಾರರು ಒಪ್ಪದಿದ್ದರೆ ಗ್ರಾಹಕ ಪ್ರಾಧಿಕಾರವಾದ ಫೋರ್‌ಬ್ರೂಕರ್‌ಟಿಲ್‌ಸೀನೆಟ್‌ಗೆ ದೂರು ಕೊಡಬಹುದು, ನಾನು ಕೊಟ್ಟಿದ್ದೇನೆ. ಫೋನಿನಲ್ಲಿ ಮಾತನಾಡದೆ ಎಲ್ಲವನ್ನೂ ಬರಹದಲ್ಲೇ ಕೇಳಿದ್ದರಿಂದ ಇಂದು ನನ್ನ ಬಳಿ ಅವರ ಪ್ರತಿಯೊಂದು ಮಾತೂ ಇದೆ. ನೀವೂ ಬರಹದಲ್ಲೇ ಕೇಳಿ.

ಗಿಡ್ಡ ಸ್ಕೀ ಹಾಕಿಕೊಂಡು ಕೈಟ್ ಹಿಡಿಯುವವರೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೆಲುಗಾಳಿಯಲ್ಲಿ, ಸಮತಟ್ಟಾದ ಗಟ್ಟಿಹಿಮದ ಮೇಲೆ, ಗಿರಕಿ ಹೊಡೆಯಲೆಂದು ಬಳಸುವ ನುರಿತವರಿದ್ದಾರೆ; ತಾವು ಏನು ಮಾಡುತ್ತಿದ್ದೇವೆಂದು ಅವರಿಗೆ ತಿಳಿದಿರುತ್ತದೆ. ಅವರ ಉದಾಹರಣೆ ತೋರಿಸಿ ಹೊಸಬರಿಗೆ ಮಾರುವುದು ಮೋಸ. ಇಳಿಜಾರಿನಲ್ಲಿ ನೀವು ಈಗಾಗಲೇ ಬಳಸಿ ರೂಢಿಯಾಗಿರುವ ಸ್ಕೀಯೇ ಕೈಟ್‌ಗೂ ಆಗುತ್ತದೆ, ಬೇರೆ ವಿಶೇಷದ್ದು ಕೊಳ್ಳಬೇಕಾಗಿಯೇ ಇಲ್ಲ. ಬೈಂಡಿಂಗ್ ಮಾತ್ರ ಅಂಗಡಿಯಲ್ಲಿ ನಿಮ್ಮ ಅಳತೆಗೆ ಹೊಂದಿಸಿಕೊಂಡು ಹೋಗಿ. ಮಾರುವವರು ಪಾಠವನ್ನೂ ಹೇಳುವವರಾದರೆ, ನಿಮ್ಮ ಮೊದಲ ದಿನದ ವಿದ್ಯಾರ್ಥಿಗಳಿಗೆ ಯಾವ ಸ್ಕೀ ಕೊಡುತ್ತೀರಿ, ಚಿತ್ರ ಕಳುಹಿಸಿ ಎಂದು ಕೇಳಿ.

ನಾನು ಕಳೆದ ವಾರ ಅವರಿಗೆ ಇನ್ನೊಂದು ಸಂದೇಶ ಬರೆದೆ. ಹಣದ ಮಾತು ದೂರಿನಲ್ಲಿ ಇತ್ಯರ್ಥವಾಗಲಿ, ಜಾಹೀರಾತಿನಲ್ಲಿ "ಈ ಬೈಂಡಿಂಗ್ ಕಳಚಿಕೊಳ್ಳುವುದಿಲ್ಲ, ಕೈಟ್‌ಗೆ ಬಳಸಬೇಡಿ" ಎಂಬ ಒಂದು ಸಾಲನ್ನಾದರೂ ಸೇರಿಸಿ ಎಂದು ಕೇಳಿಕೊಂಡೆ. ಓದಿದ್ದಾರೆ, ಉತ್ತರಿಸಿಲ್ಲ. ಪೆಟ್ಟಿಗೆಯಲ್ಲಿ ಉಳಿದ ಜೋಡಿಗಳು ಈಗ 1,500 ಕ್ರೋನರ್‌ಗೆ ಮಾರಾಟಕ್ಕಿವೆ: ಕಪ್ಪು ಬಣ್ಣ, 99 ಸೆಂಟಿಮೀಟರ್, "ಸ್ನೋಕೈಟಿಂಗ್‌ಗೆ ಹೇಳಿಮಾಡಿಸಿದ ಸ್ಕೀ" ಎಂಬ ಅದೇ ವಿವರಣೆ. ಈಸ್ಟರ್ ರಜೆಗೆ ಹೋಗಲು ಸಾಮಾನು ಹುಡುಕುತ್ತಿರುವವರು ನಿಮ್ಮ ಪರಿಚಯದಲ್ಲಿದ್ದರೆ ಅವರಿಗೆ ಇಂದೇ ತಿಳಿಸಿ.