ಜೂನಿಯರ್ ಅಕೌಂಟ್ಸ್ ಸ್ಟಾಫ್‌ಗೆ ಯೋಚನೆ ಮಾಡೋದು ಕಲಿಸೋ ಆನ್‌ಲೈನ್ ಕೋಚಿಂಗ್: ನಮ್ಮ ಟೀಮ್ ಅನುಭವ

ನಮ್ಮ ಅಕೌಂಟ್ಸ್ ಟೀಮಲ್ಲಿರೋ ಜೂನಿಯರ್‌ಗಳನ್ನ ಒಂದು ಆನ್‌ಲೈನ್ ಕೋಚಿಂಗ್‌ಗೆ ಸೇರಿಸಿದ್ವಿ, ಈಗ ಪೂರ್ತಿ ಮುಗೀತು, ಇಂಥದ್ದೇ ಹುಡುಕ್ತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಸಾಫ್ಟ್‌ವೇರೋ ಟ್ಯಾಕ್ಸೋ ಕಲಿಸೋ ಕೋರ್ಸ್ ಅಲ್ಲ ಇದು, ಎಂಟ್ರಿ ಪಾಸ್ ಮಾಡೋ (ಲೆಕ್ಕದ ಪುಸ್ತಕಕ್ಕೆ ಹಾಕೋ) ಮುಂಚೆ ತಲೆ ಓಡಿಸೋದು ಹೇಗೆ ಅಂತ ಅಷ್ಟೇ. ನನಗೆ ಬೇಕಿದ್ದಿದ್ದೂ ಅದೇ. ನಮ್ಮೋರೆಲ್ಲ ಕೆಲಸದಲ್ಲಿ ಚುರುಕು, ಆದ್ರೆ ಈ ನಂಬರ್ ಯಾಕೆ ಹೀಗಿದೆ ಅಂತ ಕೇಳಿದ್ರೆ "ಹೋದ ತಿಂಗ್ಳೂ ಹೀಗೇ ಮಾಡಿದ್ವಿ" ಅನ್ನೋ ಉತ್ತರ ಬರ್ತಿತ್ತು.

ನನಗೆ ತುಂಬಾ ಹಿಡಿಸಿದ್ದು ಅಲ್ಲಿ ಮಾಡಿಸೋ ಒಂದು ಅಭ್ಯಾಸ. ಲೆಡ್ಜರ್ (ಒಂದೊಂದು ಖಾತೆಯ ಲೆಕ್ಕ ಇರೋ ಪುಸ್ತಕ) ಓಪನ್ ಮಾಡೋ ಮುಂಚೆ ಬ್ಯಾಲೆನ್ಸ್ ಎಷ್ಟಿರ್ಬೇಕು ಅಂತ ಅಂದಾಜು ಬರೆದಿಡ್ಬೇಕು. ಸಂಬಳ ಆದ್ರೆ ಎಷ್ಟು ಜನ ಸೇರಿದ್ರು, ಎಷ್ಟು ಜನ ಬಿಟ್ರು, ಇನ್ಕ್ರಿಮೆಂಟ್ ಯಾವ ತಿಂಗಳಿಂದ ಅಂತ ಯೋಚ್ನೆ ಮಾಡಿ ಒಂದು ನಂಬರ್ ಹಾಕೋದು, ತಿಂಗಳ ಬಾಡಿಗೆ ಆದ್ರೆ ವರ್ಷಕ್ಕೆ 12 ಎಂಟ್ರಿ ಬರ್ಬೇಕು, 11 ಇದ್ರೆ ಒಂದು ಎಲ್ಲಿ ಹೋಯ್ತು, 13 ಇದ್ರೆ ಯಾವ್ದು ಎರಡು ಸಲ ಬಿತ್ತು. ನಂಬರ್ ನೋಡಿದ್ಮೇಲೆ ಅಂದಾಜು ಮಾಡೋಕೆ ಹೋದ್ರೆ ಕಣ್ಣಿಗೆ ಬಿದ್ದಿದ್ದೇ ಸರಿ ಅನ್ನಿಸ್ಬಿಡುತ್ತೆ, ಅದಕ್ಕೇ ಮೊದ್ಲೇ ಬರೆದಿಡೋದು.

ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಖಾತೆಗಳ ಡೆಬಿಟ್, ಕ್ರೆಡಿಟ್ ಒಟ್ಟು ಸಮ ಇದ್ಯಾ ಅಂತ ನೋಡೋ ಪಟ್ಟಿ) ಸೆಷನ್ನೂ ಗಟ್ಟಿಯಾಗಿತ್ತು. ಪೂರ್ತಿ ಟ್ಯಾಲಿ ಆಗಿರೋ ಒಂದು ಟ್ರಯಲ್ ಬ್ಯಾಲೆನ್ಸ್ ಕೊಟ್ಟು ಇದ್ರಲ್ಲಿ ತಪ್ಪು ಹುಡುಕಿ ಅಂದ್ರು. ಮೆಷಿನ್ ತಗೊಂಡಿದ್ದನ್ನ ರಿಪೇರಿ ಖರ್ಚಿಗೆ ಹಾಕಿತ್ತು, ಒಂದು ಬಿಲ್ ಬುಕ್ಸಿಗೇ ಬಂದಿರ್ಲಿಲ್ಲ, ಇನ್ನೆರಡು ತಪ್ಪು ಒಂದನ್ನೊಂದು ಹೊಡ್ಕೊಂಡು ಸಮ ಆಗಿತ್ತು. ಆಮೇಲೆ ಟ್ಯಾಲಿ ಆಗದೇ ಇರೋದು ಒಂದು ಕೊಟ್ರು. ವ್ಯತ್ಯಾಸ 9ರಿಂದ ಭಾಗ ಆದ್ರೆ ಅಂಕಿ ಹಿಂದುಮುಂದು ಆಗಿರ್ಬಹುದು, 54 ಅನ್ನೋದು 45 ಆದಂಗೆ, ಇದು ಹಳೇ ಸೂತ್ರ, ಎಲ್ರೂ ಹೇಳ್ತಾರೆ. ಇವರು 9 ಯಾಕೆ ಅಂತ ಜೂನಿಯರ್‌ಗಳ ಕೈಲೇ ಲೆಕ್ಕ ಮಾಡಿಸಿದ್ರು, ಮಾಡಿಸಿ ಆದ್ಮೇಲೆ, 9ರಿಂದ ಭಾಗ ಆದ್ರೂ ಕಾರಣ ಬೇರೆ ಇರ್ಬಹುದು, ಮೊದ್ಲು ಎಲ್ಲಿ ನೋಡ್ಬೇಕು ಅನ್ನೋದಷ್ಟೇ ಇದ್ರಿಂದ ಗೊತ್ತಾಗುತ್ತೆ ಅಂತ ಒತ್ತಿ ಹೇಳಿದ್ರು. ಆ ಮಾತು ನನಗೆ ಬಹಳ ಮುಖ್ಯ ಅನ್ನಿಸ್ತು.

2002ರಲ್ಲಿ ಹೊರಬಿದ್ದ, ಅಮೆರಿಕದ ಟೆಲಿಕಾಂ ಕಂಪನಿ ವರ್ಲ್ಡ್‌ಕಾಮ್ ಕೇಸನ್ನೂ ಚೆನ್ನಾಗಿ ತಗೊಂಡ್ರು. ಬೇರೆ ಕಂಪನಿಗಳ ಲೈನ್ ಬಳಸೋಕೆ ಕೊಡ್ತಿದ್ದ ದುಡ್ಡು, ಅದು ಆಯಾ ಅವಧಿ ಖರ್ಚು, ಅದನ್ನ ಆಸ್ತಿ ಅಂತ ತೋರಿಸಿ ಲಾಭ ಉಬ್ಬಿಸಿದ್ರು, ಸಿಂಥಿಯಾ ಕೂಪರ್ ಅವರ ಇಂಟರ್ನಲ್ ಆಡಿಟ್ ಟೀಮ್ ಹಿಡಿದಾಗ ಮೊದಲು ಹೊರಗೆ ಬಂದಿದ್ದೇ ಸುಮಾರು 380 ಕೋಟಿ ಡಾಲರ್. ಆ ಎಂಟ್ರಿಗಳಿಗೆ ಸರಿಯಾದ ಸಪೋರ್ಟಿಂಗ್ ದಾಖಲೆ ಇರ್ಲಿಲ್ಲ. ವೋಚರ್ ಹಿಂದೆ ಪೇಪರ್ ಏನಿದೆ ಅಂತ ಕೇಳೋ ಜೂನಿಯರ್ ಎಷ್ಟು ದೊಡ್ಡ ಕೆಲಸ ಮಾಡ್ತಿದಾರೆ ಅಂತ ಇದಾದ್ಮೇಲೆ ನಮ್ಮೋರಿಗೆ ಅರ್ಥ ಆಯ್ತು, ನಿಜವಾದ ಮೋಟಿವೇಶನ್ ಅಂದ್ರೆ ಇದು. ಅದೇ ಕಾನ್ಫಿಡೆನ್ಸ್ ಬಗ್ಗೆ ಇರೋ ವೀಡಿಯೋಗಳಲ್ಲಿ ಏನೂ ಸರಕಿಲ್ಲ, ಬಿಟ್ರೂ ನಡೆಯುತ್ತೆ.

ಬೆನ್‌ಫರ್ಡ್ ನಿಯಮದ (ನಂಬರ್‌ಗಳ ಮೊದಲ ಅಂಕಿ ಯಾವ್ದು ಎಷ್ಟು ಸಲ ಬರುತ್ತೆ ಅಂತ ನೋಡಿ ಅನುಮಾನದ ಲೆಕ್ಕ ಹುಡುಕೋ ದಾರಿ) ಕ್ಲಾಸ್ ಅವಸರದಲ್ಲಿ ಮುಗಿಸಿದ್ರು. ಮೊದಲ ಅಂಕಿ 1 ಬರೋದು ಸುಮಾರು 30%, 9 ಬರೋದು 5%ಗಿಂತ ಕಡಿಮೆ ಅಂತ ಹೇಳಿ ಮುಂದಕ್ಕೆ ಹೋದ್ರು, ಒಂದೇ ರೇಟಿನ ಬಿಲ್‌ಗಳಿಗೆ, ಸಣ್ಣ ಡೇಟಾಗೆ ಇದು ಕೆಲಸ ಮಾಡಲ್ಲ ಅಂತ ಹೇಳಲೇ ಇಲ್ಲ, ಅದು ಹೇಳದೇ ಇದ್ರೆ ಸುಮ್ನೆ ಯಾರ ಮೇಲೋ ಅನುಮಾನ ಬರುತ್ತೆ.

ದೊಡ್ಡ ಕೊರತೆ ಅಂದ್ರೆ ಸೀನಿಯರ್‌ಗಳಿಗೆ ಇದ್ರಲ್ಲಿ ಒಂದು ಪುಟದ ನೋಟ್ ಬಿಟ್ರೆ ಏನೂ ಇಲ್ಲ. ನೋಟೇನೋ ಚೆನ್ನಾಗಿದೆ, ಉತ್ತರ ಹೇಳ್ಬೇಡಿ, "ನಿನಗೇನನ್ಸುತ್ತೆ, ಏನು ನೋಡಿ ಹೇಳ್ತಿದೀಯ" ಅಂತ ಕೇಳಿ ಅಂತಿದೆ. ಆದ್ರೆ ತಿಂಗಳ ಕ್ಲೋಸಿಂಗ್ ದಿನ (ಆ ತಿಂಗಳ ಲೆಕ್ಕ ಮುಗಿಸೋ ದಿನ) ಜೂನಿಯರ್ ಒಂದು ಪ್ರಶ್ನೆ ತಂದಾಗ "ಈಗ ಪಾಸ್ ಮಾಡಮ್ಮ, ಆಮೇಲೆ ನೋಡೋಣ" ಅಂದ್ಬಿಟ್ರೆ ಕಲಿತಿದ್ದೆಲ್ಲ ಅಲ್ಲಿಗೇ ಮುಗೀತು, ಅವಳು ಇನ್ನೊಂದ್ಸಲ ಕೇಳಲ್ಲ.

ಫಲ ಸಿಕ್ಕಿದ್ದಂತೂ ನಿಜ. ನಮ್ಮ ಟೀಮಿನ ಒಬ್ಬಳು ಒಂದೇ ಸಪ್ಲೈಯರ್, ಒಂದೇ ಮೊತ್ತದ ಎರಡು ಬಿಲ್ ಪೇಮೆಂಟಿಗೆ ಮುಂಚೆ ತಡೆದು ತಂದಳು, ಬಿಲ್ ನಂಬರಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಂಗ್ಲಿಷ್ ಓ ಅಕ್ಷರ, ಹಾಗಾಗಿ ಸಿಸ್ಟಮ್ ಹಿಡಿದಿರ್ಲಿಲ್ಲ.

ಡೆಬಿಟ್ ಕ್ರೆಡಿಟ್ ಗೊತ್ತಿದ್ದು ಒಂದೆರಡು ಕ್ಲೋಸಿಂಗ್ ನೋಡಿರೋರಿಗೆ ಕಣ್ಮುಚ್ಚಿ ಸೇರಿಸಿ, ಹೊಸಬರಿಗೆ ಸ್ವಲ್ಪ ಕಾದು ಸೇರಿಸೋದು ಒಳ್ಳೇದು. ಮುಂದಿನ ಬ್ಯಾಚಲ್ಲಿ ಸೀನಿಯರ್‌ಗಳೂ ಜೊತೇಲಿ ಕೂರೋ ಹಾಗೆ ಮಾಡಿ ಅಂತ ಕೇಳಿದೀವಿ, ಮೊದಲ ಸೆಷನ್‌ಗೆ ಮಾತ್ರ ಒಪ್ಪಿದಾರೆ, ಎಲ್ಲಾದಕ್ಕೂ ಬೇಕು ಅಂತ ಇನ್ನೂ ಹೇಳ್ತಾ ಇದೀವಿ.