ಹೊರಗೆ ಮಾಡಿಸಿದ ಕಾರ್ ಕೀ: ಎರಡು ವರ್ಷ ಬಳಸಿದ ಮೇಲೆ

ಕಾರಿಗೆ ಸ್ಪೇರ್ ಕೀ ಮಾಡಿಸಿ ಎರಡು ವರ್ಷ ದಾಟಿತು. ಮಾಡಿಸಿದ್ದು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಅಲ್ಲ, ಹೊರಗೆ, ಕಾರ್ ಕೀ ಮಾಡುವವರ ಹತ್ತಿರ. ಆ ವಾರವೇ ಯಾರಾದರೂ ಕೇಳಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಈಗ ಬಿಡಿಬಿಡಿಯಾಗಿ ಕೊಡಬೇಕಾಗಿದೆ. ಒಳಗಿನ ಚಿಪ್‌ಗೆ ಪೂರ್ತಿ ಅಂಕ, ಕತ್ತರಿಸಿದ ಲೋಹ ಪಾಸು, ಮೇಲಿನ ಪ್ಲಾಸ್ಟಿಕ್ ಫೇಲು.

ಇದು ಬಟನ್ ಒತ್ತಿದರೆ ಚಿಮ್ಮಿ ಹೊರಗೆ ಬರುವ ಮಡಚುವ ಕೀ. ಇಂಥದ್ದರಲ್ಲಿ ಮೂರು ಸಾಮಾನು ಸೇರಿಕೊಂಡಿರುತ್ತವೆ: ಬೀಗ ತಿರುಗಿಸುವ ಲೋಹ, ಬಾಗಿಲಿನ ಲಾಕ್ ತೆಗೆಯುವ ರಿಮೋಟ್, ಎಂಜಿನ್‌ಗೆ ಅಪ್ಪಣೆ ಕೊಡುವ ಇಮ್ಮೊಬಿಲೈಸರ್ ಚಿಪ್. ಒಂದು ಕೆಟ್ಟರೂ ಇನ್ನೆರಡು ನಡೆಯುತ್ತವೆ. ಹಾಗಾಗಿ ರೇಟ್ ಎಷ್ಟು ಅಂತ ಕೇಳುವ ಮೊದಲು ಈ ಮೂರರಲ್ಲಿ ಏನೇನು ಸೇರಿದೆ ಅಂತ ಕೇಳಿ. ಚಿಪ್ ಇಲ್ಲದ ಕೀ ತುಂಬಾ ಅಗ್ಗ. ಬಾಗಿಲು ತೆಗೆಯುತ್ತದೆ, ಇಗ್ನಿಷನ್ನಲ್ಲೂ ತಿರುಗುತ್ತದೆ. ಆದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ, ಇಲ್ಲವೇ ಒಂದೆರಡು ಸೆಕೆಂಡಿಗೆ ಆಫ್ ಆಗುತ್ತದೆ. ಕೀ ಒಳಗೆ ಬಿಟ್ಟು ಬಾಗಿಲು ಲಾಕ್ ಆದಾಗ ತೆಗೆಯುವುದಕ್ಕೆ ಮಾತ್ರ ಬೇಕು ಅನ್ನುವವರಿಗೆ ಅಷ್ಟು ಸಾಕು.

ಮೊದಲು ಲೋಹದ ವಿಷಯ. ಕೀ ಮಾಡುವವರು ನನ್ನ ದಿನಬಳಕೆಯ ಕೀಯನ್ನೇ ಯಂತ್ರಕ್ಕೆ ಕೊಟ್ಟು ನಕಲು ತೆಗೆದರು. ಇಗ್ನಿಷನ್ನಲ್ಲಿ ಸಲೀಸಾಗಿ ತಿರುಗಿತು. ಡ್ರೈವರ್ ಬಾಗಿಲಲ್ಲಿ ಮಾತ್ರ ಅಲ್ಲಾಡಿಸಿ ಅಲ್ಲಾಡಿಸಿ ತಿರುಗಿಸಬೇಕಿತ್ತು. ಕಾರಣ ಸರಳ. ವರ್ಷಗಟ್ಟಲೆ ಬಳಸಿದ ಕೀ ಸವೆದಿರುತ್ತದೆ, ಯಂತ್ರ ಆ ಸವೆತವನ್ನೂ ನಕಲು ಮಾಡುತ್ತದೆ. ಇಗ್ನಿಷನ್ ಕೂಡ ಕೀ ಜೊತೆಗೇ ಸವೆದಿರುವುದರಿಂದ ಅಲ್ಲಿ ಗೊತ್ತಾಗುವುದಿಲ್ಲ. ಬಾಗಿಲಿನ ಬೀಗಕ್ಕೆ ರಿಮೋಟ್ ಬಂದ ಮೇಲೆ ಯಾರು ಕೀ ಹಾಕುತ್ತಾರೆ? ಅದು ಹೊಸದರ ಹಾಗೇ ಇರುತ್ತದೆ, ಸವೆದ ನಕಲನ್ನು ಒಪ್ಪುವುದಿಲ್ಲ. ವಾಪಸ್ ಹೋಗಿ ಹೇಳಿದಾಗ ಅವರು ತಕರಾರು ಮಾಡದೆ ಕಾರಿನ ಕೀ ನಂಬರ್ ನೋಡಿ ಹೊಸದಾಗಿ ಕತ್ತರಿಸಿಕೊಟ್ಟರು. ಅಂದಿನಿಂದ ಬಾಗಿಲು, ಡಿಕ್ಕಿ ಎಲ್ಲ ಕಡೆ ಸರಿಯಾಗಿ ಕೂರುತ್ತಿದೆ. ಈ ನಂಬರ್ ಅನೇಕ ಕಾರುಗಳಲ್ಲಿ ಕೀ ಜೊತೆ ಬರುವ ಪುಟ್ಟ ಲೋಹದ ಬಿಲ್ಲೆ ಮೇಲಿರುತ್ತದೆ. ಅದನ್ನು ಕಾರಿನೊಳಗೆ ಮಾತ್ರ ಇಡಬೇಡಿ. ಕದ್ದವನಿಗೂ ಅದೇ ನಂಬರ್ ಸಾಕಲ್ವಾ?

ಚಿಪ್ ಬಗ್ಗೆ ನನಗೆ ಒಂದು ದೂರೂ ಇಲ್ಲ. ಕೀ ಮಳೆಯಲ್ಲಿ ನೆನೆದಿದೆ, ನೆಲಕ್ಕೆ ಬಿದ್ದಿದೆ, ಬಿಸಿಲಲ್ಲಿ ಕಾದಿದೆ. ಕಾರು ಸ್ಟಾರ್ಟ್ ಆಗದೆ ಸತಾಯಿಸಿಲ್ಲ. ಇದಕ್ಕೆ ಸೆಲ್ ಬೇಕಾಗಿಲ್ಲ. ಇಗ್ನಿಷನ್ ಸುತ್ತ ಒಂದು ಕಾಯಿಲ್, ಅಂದರೆ ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಅದರಿಂದ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆ ಬರುತ್ತದೆ, ಚಿಪ್‌ಗೆ ಬೇಕಾದ ಕರೆಂಟೂ ಅದರಿಂದಲೇ ಸಿಗುತ್ತದೆ. ಕಾರು ಪ್ರಶ್ನೆ ಹಾಕುತ್ತದೆ, ಚಿಪ್ ಉತ್ತರ ಕೊಡುತ್ತದೆ. ಉತ್ತರ ಸರಿ ಬಂದರೆ ಮಾತ್ರ ಎಂಜಿನ್ ಓಡುತ್ತದೆ. ಈ ವ್ಯವಸ್ಥೆಗೇ ಇಮ್ಮೊಬಿಲೈಸರ್ ಅನ್ನುವುದು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಹಾಗಾಗಿ ಆಮೇಲೆ ಬಂದ ಬಹುತೇಕ ಮಾಡೆಲ್‌ಗಳಲ್ಲಿ ಇದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಎರಡೂ ಕೀಗಳನ್ನು ಒಂದೇ ಗೊಂಚಲಿಗೆ ಹಾಕಬೇಡಿ. ಕಾಯಿಲ್ ಪಕ್ಕ ಇನ್ನೊಂದು ಚಿಪ್ ಬಂದರೆ ಕಾರು ಗೊಂದಲಕ್ಕೆ ಬಿದ್ದು ಸ್ಟಾರ್ಟ್ ಆಗದೇ ಹೋಗಬಹುದು.

ಚಿಪ್ ಹಾಕುವುದರಲ್ಲಿ ಎರಡು ದಾರಿ ಇವೆ, ಈ ಪ್ರಶ್ನೆಯನ್ನು ಜಾಸ್ತಿ ಜನ ಕೇಳುವುದೇ ಇಲ್ಲ. ಒಂದು, ಹಳೆ ಚಿಪ್‌ನ ಪಡಿಯಚ್ಚು ತೆಗೆಯುವುದು, ಅಂದರೆ ಕ್ಲೋನ್. ಕಾರಿಗೆ ಎರಡು ಕೀ ಇರುವುದು ಗೊತ್ತೇ ಆಗುವುದಿಲ್ಲ. ಇನ್ನೊಂದು, ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸಾಕೆಟ್) ಯಂತ್ರ ಸಿಕ್ಕಿಸಿ ಹೊಸ ಚಿಪ್ಪನ್ನು ಬೇರೆ ಕೀಯಾಗಿಯೇ ಕಾರಿನ ನೆನಪಿಗೆ ಸೇರಿಸುವುದು. ನಾನು ಎರಡನೆಯದನ್ನು ಮಾಡಿಸಿದೆ. ನಾಳೆ ಒಂದು ಕೀ ಕಳೆದರೆ ಅದನ್ನು ಮಾತ್ರ ಕಾರಿನಿಂದ ಅಳಿಸಬಹುದು. ಕ್ಲೋನ್ ಆದರೆ ಕಳೆದದ್ದನ್ನು ಅಳಿಸಿದಾಗ ಕೈಯಲ್ಲಿರುವುದೂ ಕೆಲಸ ನಿಲ್ಲಿಸುತ್ತದೆ. ಹೋಗುವಾಗ ಇರುವ ಕೀ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಕೆಲವು ಕಾರುಗಳಲ್ಲಿ ಹೊಸದನ್ನು ಸೇರಿಸುವಾಗ ಹಳೆಯವೆಲ್ಲ ಅಳಿಸಿಹೋಗುತ್ತವೆ, ಮತ್ತೆ ಒಂದೊಂದಾಗಿ ಸೇರಿಸಬೇಕಾಗುತ್ತದೆ.

ಇನ್ನು ರಿಮೋಟ್. ಹಣ ಹಾಳು ಅನ್ನಿಸಿದ್ದು ಇಲ್ಲೇ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಅನ್‌ಲಾಕ್ ಬಟನ್‌ನ ರಬ್ಬರ್ ಬಿರುಕು ಬಿಟ್ಟಿತು. ಆಮೇಲೆ ಮಡಚುವ ಸ್ಪ್ರಿಂಗ್ ಸಡಿಲವಾಯಿತು. ಈಗ ಕೀ ಅರ್ಧಕ್ಕೇ ಬಂದು ನಿಲ್ಲುತ್ತದೆ, ಬೆರಳಿನಿಂದ ಎಳೆಯಬೇಕು. ಇದಕ್ಕಿಂತ ಎಷ್ಟೋ ಹಳೆಯದಾದ ಕಂಪನಿ ಕೀ ಈಗಲೂ ಟಕ್ಕನೆ ತೆರೆದುಕೊಳ್ಳುತ್ತದೆ. ರಿಮೋಟ್‌ನ ದೂರವೂ ಕಡಿಮೆ, ಕಾರಿನ ಹತ್ತಿರ ಹೋಗಿ ಒತ್ತಬೇಕು. ಸೆಲ್ ಬದಲಾಯಿಸಿ ನೋಡಿದೆ, ವ್ಯತ್ಯಾಸ ಆಗಲಿಲ್ಲ. ಸೆಲ್ ಸಾಮಾನ್ಯ ಸಿಆರ್2032, 3 ವೋಲ್ಟಿನದು. ಎಲ್ಲಾ ಕಡೆ ಸಿಗುತ್ತದೆ, ನಾವೇ ಹಾಕಿಕೊಳ್ಳಬಹುದು.

ಸಮಾಧಾನದ ಸಂಗತಿ ಅಂದರೆ ಹೊರಗಿನ ಕವಚ ಬೇರೆಯಾಗಿಯೇ ಸಿಗುತ್ತದೆ. ಒಳಗಿನ ರಿಮೋಟ್‌ನ ಸರ್ಕ್ಯೂಟ್ ಬೋರ್ಡ್, ಚಿಪ್, ಲೋಹ ಮೂರನ್ನೂ ಹೊಸದಕ್ಕೆ ಸಾಗಿಸಿದರೆ ಆಯಿತು, ಪ್ರೋಗ್ರಾಮಿಂಗ್ ಮತ್ತೆ ಬೇಡ. ಚಿಪ್ ಒಂದನ್ನು ನೋಡಿಕೊಳ್ಳಿ. ಕೆಲವು ಕೀಗಳಲ್ಲಿ ಅದು ಬೋರ್ಡ್ ಮೇಲಿರದೆ ಕವಚದ ಮೂಲೆಯಲ್ಲಿ ಪುಟ್ಟ ಕಪ್ಪು ತುಂಡಾಗಿ ಅಂಟಿರುತ್ತದೆ. ಹಳೆ ಕವಚದ ಜೊತೆ ಕಸಕ್ಕೆ ಹೋದರೆ ರಿಮೋಟ್ ಕೆಲಸ ಮಾಡುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ.

ಮತ್ತೆ ಮಾಡಿಸುವುದಾದರೆ ಹೊರಗೇ ಹೋಗುತ್ತೇನೆ. ಆದರೆ ಬರೀ ಚಿಪ್ ಇರುವ ಸಾದಾ ಕೀ ತೆಗೆದುಕೊಳ್ಳುತ್ತೇನೆ, ರಿಮೋಟ್ ಬೇಡ. ಅಪರೂಪಕ್ಕೆ ಬಳಸುವ ಸ್ಪೇರ್‌ಗೆ ಮಡಚುವ ಸೊಗಸು ಸುಮ್ನೆ ದಂಡ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸ್ಮಾರ್ಟ್ ಕೀ ಇದ್ದವರು ಮಾತ್ರ ಸರ್ವಿಸ್ ಸೆಂಟರ್‌ನಲ್ಲೂ ವಿಚಾರಿಸುವುದು ಒಳ್ಳೆಯದು. ಬೇರೆ ಕಾರಿಗೆ ಜೋಡಿಸಿದ್ದ ಹಳೆ ಸ್ಮಾರ್ಟ್ ಕೀ ಅನೇಕ ಸಲ ನಮ್ಮ ಕಾರಿಗೆ ಹಾಗೇ ಸೇರುವುದಿಲ್ಲ.

ಮಾಡಿಸುವುದನ್ನು ಒಂದು ಕೀ ಕೈಯಲ್ಲಿ ಇರುವಾಗಲೇ ಮಾಡಿಸಿ. ಇದ್ದ ಎಲ್ಲವೂ ಕಳೆದುಹೋದರೆ ಹೊಸ ಕೀ ಸೇರಿಸಲು ಬೇಕಾದ ಕಾರಿನ ಗುಪ್ತ ಪಿನ್ ಹುಡುಕಬೇಕು, ಕೆಲವು ಮಾಡೆಲ್‌ಗಳಲ್ಲಿ ಕಾರಿನೊಳಗಿನ ಇಮ್ಮೊಬಿಲೈಸರ್ ಪೆಟ್ಟಿಗೆ ಬಿಚ್ಚಿ ಅದರ ಮೆಮೊರಿ ಓದಬೇಕು. ಕಾರನ್ನು ಎಳೆಸಿಕೊಂಡು ಹೋಗುವ ಖರ್ಚು ಬೇರೆ. ಕಾರಿನ ದಾಖಲೆ, ನಿಮ್ಮ ಗುರುತಿನ ಚೀಟಿ ಎರಡನ್ನೂ ಒಯ್ಯಿರಿ. ಅವನ್ನು ಕೇಳದೆಯೇ ಕೀ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ನಾನಂತೂ ಮಾಡಿಸುವುದಿಲ್ಲ.