ಫುಟ್‌ಬಾಲ್ ಆಟಗಾರರ ತೊಡೆಸಂದು ನೋವಿಗೆ ಯಾವ ಸ್ಕ್ಯಾನ್? ಎಂಆರ್‌ಐ, ಅಲ್ಟ್ರಾಸೌಂಡ್, ಎಕ್ಸ್‌ರೇ ಸೇವೆಗಳ ವಿಮರ್ಶೆ

ವೈದ್ಯರ ಚೀಟಿಯಲ್ಲಿ ‘ಎಂಆರ್‌ಐ ಪೆಲ್ವಿಸ್’ (ಪೆಲ್ವಿಸ್ ಎಂದರೆ ಸೊಂಟದ ಮೂಳೆಗೂಡು) ಎಂದಷ್ಟೇ ಬರೆದಿದ್ದರೆ ಸಾಮಾನ್ಯವಾಗಿ ಸಿಗುವುದು ಕೆಳಹೊಟ್ಟೆಯ ಅಂಗಗಳನ್ನು ನೋಡಲು ಹೊಂದಿಸಿಟ್ಟ ಸ್ಕ್ಯಾನ್. ಅದರ ಹರವು ದೊಡ್ಡದು, ಸ್ಲೈಸ್‌ಗಳು (ದೇಹವನ್ನು ಪದರ ಪದರವಾಗಿ ತೋರಿಸುವ ಚಿತ್ರಗಳು) 5 ಮಿ.ಮೀ. ಆಸುಪಾಸು ದಪ್ಪ. ಒಳತೊಡೆಯ ಅಡಕ್ಟರ್ ಲಾಂಗಸ್ ಸ್ನಾಯುವಿನ ರಜ್ಜು ಸೊಂಟದ ಮುಂಭಾಗದ ಪ್ಯೂಬಿಸ್ ಮೂಳೆಗೆ ಅಂಟುವ ಜಾಗದಲ್ಲಿ ಆದ ಸಣ್ಣ ಸೀಳು ಇಷ್ಟು ದಪ್ಪ ಸ್ಲೈಸ್‌ನಲ್ಲಿ ಕಾಣದೇ ಹೋಗಬಹುದು. ‘ಹಿಪ್’ ಎಂದು ಬರೆಸಿದರೆ ಒಂದು ಬದಿಯ ಸೊಂಟದ ಕೀಲು ಚೆನ್ನಾಗಿ ಬರುತ್ತದೆ, ಆದರೆ ಎರಡು ಪ್ಯೂಬಿಸ್ ಮೂಳೆಗಳು ನಡುವೆ ಸೇರುವ ಕೀಲಾದ ಪ್ಯೂಬಿಕ್ ಸಿಂಫಿಸಿಸ್ ಚಿತ್ರದ ಅಂಚಿಗೆ ಹೋಗಿ ಕೂರುತ್ತದೆ. ಎರಡರ ರಿಪೋರ್ಟೂ ‘ನಾರ್ಮಲ್’ ಎಂದು ಬರಬಹುದು. ಆಟಗಾರನಿಗೆ ಚೆಂಡು ಒದೆಯುವಾಗ ನೋವು ಹಾಗೇ ಇರುತ್ತದೆ. ದುಡ್ಡು ಕೊಟ್ಟು ಮಾಡಿಸಬೇಕಾದದ್ದು ಅಥ್ಲೆಟಿಕ್ ಪ್ಯೂಬಾಲ್ಜಿಯಾ ಪ್ರೋಟೊಕಾಲ್, ಅಂದರೆ ಆಟಗಾರರ ತೊಡೆಸಂದು ನೋವಿಗೆಂದೇ ಹೊಂದಿಸಿದ ಸ್ಕ್ಯಾನ್ ಕ್ರಮ. ಕೆಲವು ಕಡೆ ಇದನ್ನೇ ಗ್ರೋಯಿನ್ ಪ್ರೋಟೊಕಾಲ್ ಎನ್ನುತ್ತಾರೆ.

ಈ ಪ್ರೋಟೊಕಾಲ್‌ನಲ್ಲಿ ಎರಡು ಹಂತ ಇರಲೇಬೇಕು. ಮೊದಲು ಇಡೀ ಪೆಲ್ವಿಸ್‌ನ ಕರೋನಲ್ (ಮುಂದಿನಿಂದ ನೋಡಿದಂತೆ) ಚಿತ್ರಗಳು, ಸ್ಟಿರ್ ಮತ್ತು ಟಿ1 ಎಂಬ ಎರಡು ಬಗೆಯಲ್ಲಿ; ಸ್ಟಿರ್‌ನಲ್ಲಿ ದ್ರವ ಬೆಳ್ಳಗೆ, ಟಿ1ನಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ. ಎರಡೂ ಸೊಂಟದ ಕೀಲು, ತೊಡೆಮೂಳೆಯ ಕುತ್ತಿಗೆ, ಬೆನ್ನುಮೂಳೆಯ ಬುಡ ಸೊಂಟಕ್ಕೆ ಸೇರುವ ಸ್ಯಾಕ್ರೊಇಲಿಯಾಕ್ ಕೀಲುಗಳು ಇದರಲ್ಲೇ ಬರಬೇಕು, ಏಕೆಂದರೆ ತೊಡೆಸಂದು ನೋವೆಂದು ಬಂದವರಲ್ಲಿ ಕೆಲವರಿಗೆ ಇರುವುದು ತೊಡೆಮೂಳೆ ಕುತ್ತಿಗೆಯ ಸ್ಟ್ರೆಸ್ ಫ್ರ್ಯಾಕ್ಚರ್ (ಮತ್ತೆ ಮತ್ತೆ ಬಿದ್ದ ಹೊರೆಯಿಂದ ಆದ ಬಿರುಕು). ಆಮೇಲೆ ಸಿಂಫಿಸಿಸ್ ಮೇಲೆಯೇ ಗಮನ ಇಟ್ಟ ಸಣ್ಣ ಹರವಿನ ಚಿತ್ರಗಳು: ಸುಮಾರು 16ರಿಂದ 20 ಸೆಂ.ಮೀ. ಹರವು, 3 ಮಿ.ಮೀ. ಸ್ಲೈಸ್, ಕೊಬ್ಬಿನ ಸಿಗ್ನಲ್ ತಗ್ಗಿಸಿದ ಸ್ಯಾಜಿಟಲ್ (ಪಕ್ಕದಿಂದ ನೋಡಿದಂತೆ) ಮತ್ತು ಪ್ಯೂಬಿಸ್ ಮೂಳೆಯ ಓರೆಗೆ ಹೊಂದಿಸಿದ ಆಕ್ಸಿಯಲ್ ಆಬ್ಲಿಕ್ (ಓರೆಯಾದ ಅಡ್ಡಕೊಯ್ತ). ಈ ಓರೆ ಸೀಕ್ವೆನ್ಸ್ (ಒಂದು ಬಗೆಯ ಚಿತ್ರಸರಣಿ) ಬಿಟ್ಟುಹೋಗಿದ್ದರೆ ಸ್ಕ್ಯಾನ್ ಅರ್ಧಂಬರ್ಧ. ಮಾಮೂಲಿ ನೇರ ಆಕ್ಸಿಯಲ್‌ನಲ್ಲಿ ಅಲ್ಲ, ಈ ಓರೆಯಲ್ಲೇ ಸ್ನಾಯುರಜ್ಜುವಿನ ಬುಡ ಉದ್ದಕ್ಕೆ ಬಿಚ್ಚಿಕೊಂಡು ಕಾಣುವುದು.

ಗುಣಮಟ್ಟ ಕೆಡುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಸಿಗ್ನಲ್ ಹಿಡಿಯಲು ಮೈಮೇಲೆ ಇಡುವ ಕಾಯಿಲ್‌ನ ನಡು ಹೊಕ್ಕುಳಿನ ಕಡೆ ಸರಿದಿದ್ದರೆ ಬೇಕಾದ ಜಾಗದಲ್ಲೇ ಸಿಗ್ನಲ್ ಸೊರಗುತ್ತದೆ; ಅದು ಸಿಂಫಿಸಿಸ್ ಮೇಲೆಯೇ ಕೂತಿರಬೇಕು. ಮೂತ್ರಕೋಶ ತುಂಬಿದ್ದರೆ ಆಟಗಾರ ಮಿಸುಕಾಡುತ್ತಾನೆ, ಒಳಹೋಗುವ ಮೊದಲೇ ಖಾಲಿ ಮಾಡಿಸಬೇಕು. ಉಸಿರಾಟಕ್ಕೆ ಹೊಟ್ಟೆ ಏರಿಳಿದರೆ ಪ್ಯೂಬಿಸ್ ಮೇಲೆ ಮಸುಕು ಗೆರೆಗಳು ಬೀಳುತ್ತವೆ. ಹೊಟ್ಟೆಯ ಮುಂಭಾಗಕ್ಕೆ ಸ್ಯಾಚುರೇಶನ್ ಬ್ಯಾಂಡ್ (ಆ ಭಾಗದ ಸಿಗ್ನಲ್ ಅಡಗಿಸುವ ಹೊಂದಿಕೆ) ಹಾಕಿದರೆ ಅವು ಕಡಿಮೆಯಾಗುತ್ತವೆ. ನೋವಿನ ಬಿಂದುವಿನ ಮೇಲೆ ವಿಟಮಿನ್ ಇ ಕ್ಯಾಪ್ಸೂಲ್ ಒಂದನ್ನು ಟೇಪ್ ಹಾಕಿ ಅಂಟಿಸುವ ಟೆಕ್ನಿಷಿಯನ್ ಸಿಕ್ಕರೆ ಆ ಕೇಂದ್ರವನ್ನು ನೆನಪಿಟ್ಟುಕೊಳ್ಳಿ. ಕ್ಯಾಪ್ಸೂಲ್ ಟಿ1 ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಓದುವವರಿಗೆ ನೋವು ಎಲ್ಲಿ ಎಂದು ಊಹಿಸುವ ಕೆಲಸ ಉಳಿಯುವುದಿಲ್ಲ. 3 ಟೆಸ್ಲಾ (ಯಂತ್ರದ ಅಯಸ್ಕಾಂತದ ಬಲದ ಅಳತೆ) ಯಂತ್ರದ ಚಿತ್ರ ಹೆಚ್ಚು ಸ್ಪಷ್ಟ, ನಿಜ. ಆದರೂ ಪ್ರೋಟೊಕಾಲ್ ಸರಿಯಿರುವ 1.5 ಟೆಸ್ಲಾ, ಪ್ರೋಟೊಕಾಲ್ ಇಲ್ಲದ 3 ಟೆಸ್ಲಾಗಿಂತ ಎಷ್ಟೋ ಮೇಲು. ಕಾಂಟ್ರಾಸ್ಟ್ ಇಂಜೆಕ್ಷನ್ ಈ ನೋವಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಚಿತ್ರ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಸ್ಯಾಜಿಟಲ್‌ನಲ್ಲಿ ನಡುಗೆರೆಯಿಂದ ಸುಮಾರು 1 ಸೆಂ.ಮೀ. ಪಕ್ಕದ ಸ್ಲೈಸ್. ಮೇಲಿನಿಂದ ಹೊಟ್ಟೆಯ ಮುಂಭಾಗದ ಸ್ನಾಯುವಾದ ರೆಕ್ಟಸ್ ಅಬ್ಡೊಮಿನಿಸ್ ಇಳಿದು, ಪ್ಯೂಬಿಸ್‌ನ ಮುಂದೆ ಕಪ್ಪು ಪಟ್ಟಿಯಾಗಿ ಹಾದು, ಕೆಳಗೆ ಅಡಕ್ಟರ್ ಲಾಂಗಸ್ ಜೊತೆ ಸೇರುತ್ತದೆ. ಆ ಕಪ್ಪು ಪಟ್ಟಿಗೂ ಮೂಳೆಗೂ ನಡುವೆ ಬಿಳಿ ದ್ರವದ ಗೆರೆ ನುಗ್ಗಿದ್ದರೆ ಪಟ್ಟಿ ಮೂಳೆಯಿಂದ ಎದ್ದಿದೆ ಎಂದರ್ಥ. ಕರೋನಲ್‌ನಲ್ಲಿ ಹುಡುಕಬೇಕಾದದ್ದು ಸೆಕೆಂಡರಿ ಕ್ಲೆಫ್ಟ್: ಸಿಂಫಿಸಿಸ್‌ನ ನಡುವಿನಿಂದ ಹೊರಟು ಮೂಳೆಯ ಕೆಳಅಂಚಿಗೆ ಒಂದು ಬದಿಯಲ್ಲಿ ಮೀಸೆಯ ಹಾಗೆ ಬಾಗುವ ಬಿಳಿ ಗೆರೆ. ಅದು ನೋವಿರುವ ಬದಿಯಲ್ಲೇ ಇದ್ದರೆ ಅದಕ್ಕೆ ತೂಕ ಹೆಚ್ಚು.

ಮೂಳೆಮಜ್ಜೆಯ ಎಡಿಮಾ (ದ್ರವ ತುಂಬಿದ ಊತ) ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ನೋವೇ ಇಲ್ಲದೆ ಆರಾಮಾಗಿ ಆಡುತ್ತಿರುವ ಫುಟ್‌ಬಾಲ್ ಆಟಗಾರರ ಸಿಂಫಿಸಿಸ್‌ನಲ್ಲೂ ಎಡಿಮಾ ಸಾಕಷ್ಟು ಸಾಮಾನ್ಯ. ಓಡುತ್ತ, ತಿರುಗುತ್ತ, ಒದೆಯುತ್ತ ಬಿದ್ದ ಹೊರೆಗೆ ಮೂಳೆ ತೋರುವ ಪ್ರತಿಕ್ರಿಯೆ ಅದು. ‘ಆಸ್ಟೈಟಿಸ್ ಪ್ಯೂಬಿಸ್’ (ಪ್ಯೂಬಿಸ್ ಮೂಳೆಯ ಉರಿಯೂತ) ಎಂದು ಎರಡೇ ಪದದಲ್ಲಿ ತೀರ್ಪು ಕೊಟ್ಟು ಮುಗಿಸುವ ರಿಪೋರ್ಟ್ ಆಟಗಾರನಿಗೆ ಅನ್ಯಾಯ ಮಾಡುತ್ತದೆ. 14 ದೇಶಗಳ 24 ತಜ್ಞರು 2014ರಲ್ಲಿ ದೋಹಾದಲ್ಲಿ ಸೇರಿ ಒಪ್ಪಿದ ತೊಡೆಸಂದು ನೋವಿನ ವರ್ಗೀಕರಣ ಅಡಕ್ಟರ್ (ಒಳತೊಡೆಯ ಸ್ನಾಯು), ಇಲಿಯೊಸೋಯಾಸ್ (ತೊಡೆಯನ್ನು ಮೇಲೆತ್ತುವ ಸ್ನಾಯು), ಇಂಗ್ವೈನಲ್ (ತೊಡೆಸಂದಿನ ಕಾಲುವೆಯ ಭಾಗ), ಪ್ಯೂಬಿಕ್ ಎಂಬ ನಾಲ್ಕು ಬಗೆಗಳನ್ನು ಹೇಳುತ್ತದೆ. ಸೊಂಟದ ಕೀಲಿನಿಂದ ಬರುವ ನೋವನ್ನೂ ಇತರ ಕಾರಣಗಳನ್ನೂ ಬೇರೆಯಾಗಿ ಇಡುತ್ತದೆ. ಆ ನಾಲ್ಕನ್ನು ಗುರುತಿಸುವುದು ಒತ್ತಿ ನೋಡಿ, ತಡೆ ಕೊಟ್ಟು ಸ್ನಾಯು ಪರೀಕ್ಷಿಸಿ. ಸ್ಕ್ಯಾನ್ ನೋಡಿ ಅಲ್ಲ. ಹಾಗಾಗಿ ವೈದ್ಯರೋ ಫಿಸಿಯೊನೋ ಕೈಯಿಂದ ಪರೀಕ್ಷಿಸುವ ಮೊದಲೇ ಮಾಡಿಸಿದ ಎಂಆರ್‌ಐ ಬಹುಪಾಲು ಗೊಂದಲವನ್ನೇ ಹೆಚ್ಚಿಸುತ್ತದೆ.

ಅಲ್ಟ್ರಾಸೌಂಡ್‌ಗೆ ಎಂಆರ್‌ಐಗೆ ಇಲ್ಲದ ಒಂದು ಶಕ್ತಿ ಇದೆ: ಅಂಗ ಚಲಿಸುವಾಗಲೇ ನೋಡಬಹುದು. ಇಂಗ್ವೈನಲ್ ಬಗೆಯ ನೋವಿಗೆ, ಹರ್ನಿಯಾ ಅನುಮಾನಕ್ಕೆ, ಇಲಿಯೊಸೋಯಾಸ್ ಟಕ್ಕೆಂದು ಜಾರುವ ತೊಂದರೆಗೆ ಇದೇ ಮೊದಲ ಆಯ್ಕೆ. ಹೆಚ್ಚು ಆವರ್ತನದ ಲೀನಿಯರ್ ಪ್ರೋಬ್ (ಮೈಮೇಲೆ ಆಡಿಸುವ ನೇರ ತುದಿಯ ಉಪಕರಣ) ಬೇಕು. ಮಲಗಿಸಿ, ನಿಲ್ಲಿಸಿ, ಎರಡೂ ಬದಿಯಲ್ಲಿ, ಉಸಿರು ಬಿಗಿಹಿಡಿದು ಮುಕ್ಕಿಸಿ ನೋಡಬೇಕು. ಪ್ರೋಬನ್ನು ಜೋರಾಗಿ ಅದುಮಿದರೆ ಸಣ್ಣ ಹರ್ನಿಯಾ ಒಳಗೇ ಉಳಿದು ಕಣ್ತಪ್ಪುತ್ತದೆ. ಮಲಗಿಸಿ ಎರಡೇ ನಿಮಿಷದಲ್ಲಿ ಕಳಿಸಿದರೆ ಆ ರಿಪೋರ್ಟನ್ನು ನಂಬಿ ಹರ್ನಿಯಾ ಇಲ್ಲವೆನ್ನಬೇಡಿ. ಇಂಗ್ವೈನಲ್ ಕಾಲುವೆಯ ಹಿಂಗೋಡೆ ಸ್ವಲ್ಪ ಉಬ್ಬುವುದು ನೋವಿಲ್ಲದವರಲ್ಲೂ ಕಾಣುತ್ತದೆ, ಅದೊಂದರ ಮೇಲೆ ಶಸ್ತ್ರಚಿಕಿತ್ಸೆ ನಿರ್ಧರಿಸುವುದು ಸರಿಯಲ್ಲ. ಮೂಳೆಯ ಒಳಗನ್ನು ಅಲ್ಟ್ರಾಸೌಂಡ್ ತೋರಿಸುವುದಿಲ್ಲ, ಮತ್ತು ಇಡೀ ಫಲಿತಾಂಶ ಪ್ರೋಬ್ ಹಿಡಿದವರ ಕೈಯಲ್ಲಿದೆ.

ಎಕ್ಸ್‌ರೇಯನ್ನು ಹಳತೆಂದು ಬಿಡುವವರೇ ಹೆಚ್ಚು, ಅದು ತಪ್ಪು. ಪೆಲ್ವಿಸ್‌ನ ಎಪಿ (ಮುಂದಿನಿಂದ ತೆಗೆದದ್ದು) ಮತ್ತು 45 ಡಿಗ್ರಿ ಡನ್ ವ್ಯೂ (ತೊಡೆ ಮಡಿಸಿ ತೆಗೆದದ್ದು), ಈ ಎರಡರಿಂದ ಸೊಂಟದ ಕೀಲಿನ ಆಕಾರ ತಿಳಿಯುತ್ತದೆ. ತೊಡೆಮೂಳೆಯ ತಲೆ ಎಷ್ಟು ದುಂಡಗಿದೆ ಎಂದು ಅಳೆಯುವ ಆಲ್ಫಾ ಕೋನ 60 ಡಿಗ್ರಿ ಅಥವಾ ಹೆಚ್ಚಿದ್ದರೆ ಕ್ಯಾಮ್ ಆಕಾರ (ತಲೆ ಮತ್ತು ಕುತ್ತಿಗೆ ಸೇರುವಲ್ಲಿ ಉಬ್ಬು) ಎನ್ನುತ್ತಾರೆ. ಬೆಳೆಯುವ ವಯಸ್ಸಿನಿಂದ ಆಡಿದ ಫುಟ್‌ಬಾಲ್ ಆಟಗಾರರಲ್ಲಿ ಇದು ಸಾಮಾನ್ಯ, ಅದೊಂದೇ ರೋಗವಲ್ಲ. ಎಪಿಯಲ್ಲಿ ಪೆಲ್ವಿಸ್ ಒಂದು ಬದಿಗೆ ತಿರುಗಿದ್ದರೆ ಕೀಲಿನ ಬಟ್ಟಲಿನ ಲೆಕ್ಕವೇ ತಪ್ಪುತ್ತದೆ, ಬಾಲಮೂಳೆಯ ತುದಿ ಸಿಂಫಿಸಿಸ್‌ನ ನೇರಕ್ಕೆ ಇದೆಯೇ ಎಂದು ನೋಡಿ. ಹದಿಹರೆಯದವರಿಗೆ ಎಕ್ಸ್‌ರೇ ತಪ್ಪಿಸಲೇಬಾರದು. ಒದೆಯುವಾಗ ಮೂಳೆಯ ತುಣುಕು ಕಿತ್ತುಬಂದಿರಬಹುದು, ಅಥವಾ ತೊಡೆಮೂಳೆಯ ತಲೆ ಬೆಳವಣಿಗೆಯ ಫಲಕದಲ್ಲಿ ಜಾರಿರಬಹುದು. ಜಾರಿದ್ದನ್ನು ಹಿಡಿಯಲು ಫ್ರಾಗ್ ಲ್ಯಾಟರಲ್ ವ್ಯೂ (ಕಪ್ಪೆಯಂತೆ ಕಾಲು ಮಡಿಸಿ ಅಗಲಿಸಿ ತೆಗೆದದ್ದು) ಬೇಕು. ನೋವು ಮೊಣಕಾಲಿನಲ್ಲಷ್ಟೇ ಕಾಣಿಸಿಕೊಂಡು ದಾರಿ ತಪ್ಪಿಸುವುದೂ ಉಂಟು. ಸ್ಟ್ರೆಸ್ ಫ್ರ್ಯಾಕ್ಚರ್ ಮಾತ್ರ ಆರಂಭದಲ್ಲಿ ಎಕ್ಸ್‌ರೇಗೆ ಸಿಗದಿರಬಹುದು. ಒಂಟಿಕಾಲಲ್ಲಿ ಕುಪ್ಪಳಿಸಿದರೆ ನೋವು, ರಾತ್ರಿಯೂ ನೋವು ಎಂದರೆ ಎಕ್ಸ್‌ರೇ ನಾರ್ಮಲ್ ಇದ್ದರೂ ಆಟ ನಿಲ್ಲಿಸಿ ತಡಮಾಡದೆ ಎಂಆರ್‌ಐ ಮಾಡಿಸಿ. ತೊಡೆಮೂಳೆ ಕುತ್ತಿಗೆಯ ಮೇಲ್ಬದಿಯ ಬಿರುಕು ಪೂರ್ತಿ ಮುರಿದು ಸರಿಯುವ ಅಪಾಯವಿದೆ.

ಸಿಟಿ ಈ ಕೆಲಸಕ್ಕೆ ಅಪರೂಪ. ಜನನಾಂಗಗಳ ಹತ್ತಿರ ವಿಕಿರಣ ಬೀಳುತ್ತದೆ, ಮೃದು ಅಂಗಾಂಶ ಸರಿಯಾಗಿ ಕಾಣುವುದೂ ಇಲ್ಲ. ಸೊಂಟದ ಲೇಬ್ರಮ್ (ಕೀಲಿನ ಬಟ್ಟಲಿನ ಅಂಚಿನ ಮೃದು ಉಂಗುರ) ಸೀಳಿನ ಅನುಮಾನ ಗಟ್ಟಿಯಿದ್ದರೆ ಎಂಆರ್ ಆರ್ಥ್ರೋಗ್ರಾಮ್‌ಗೆ (ಕೀಲಿಗೆ ಕಾಂಟ್ರಾಸ್ಟ್ ಚುಚ್ಚಿ ತೆಗೆಯುವ ಎಂಆರ್‌ಐ) ಅರ್ಥವಿದೆ.

ಸ್ಕ್ಯಾನ್ ಬುಕ್ ಮಾಡುವಾಗ ಕೇಂದ್ರಕ್ಕೆ ಎರಡು ಪ್ರಶ್ನೆ ಕೇಳಿ: ಸಿಂಫಿಸಿಸ್‌ಗೆ ಪ್ರತ್ಯೇಕ ಸಣ್ಣ ಹರವಿನ ಸೀಕ್ವೆನ್ಸ್ ತೆಗೆಯುತ್ತೀರಾ? ಓದುವುದು ಸ್ನಾಯು ಮತ್ತು ಮೂಳೆಯ ರೇಡಿಯಾಲಜಿಸ್ಟೇ? ಚೀಟಿಯಲ್ಲಿ ನೋವಿನ ಬದಿ, ಎಷ್ಟು ವಾರದಿಂದ, ಒಮ್ಮೆಲೇ ಬಂತೋ ಮೆಲ್ಲಗೆ ಬಂತೋ, ಯಾವ ಪರೀಕ್ಷೆಗೆ ನೋವಾಯಿತು, ಹಿಂದಿನ ಶಸ್ತ್ರಚಿಕಿತ್ಸೆ, ಇಂಜೆಕ್ಷನ್ ಎಲ್ಲವನ್ನೂ ಬರೆಸಿ. ‘ಗ್ರೋಯಿನ್ ಪೇನ್’ ಎಂದಷ್ಟೇ ಇದ್ದರೆ ಉತ್ತರವೂ ಅಷ್ಟೇ ಮೊಂಡಾಗಿರುತ್ತದೆ. ಫಿಲ್ಮ್ ಸಾಲದು, ಡೈಕಾಮ್ (ಸ್ಕ್ಯಾನ್ ಚಿತ್ರಗಳ ಮೂಲ ರೂಪ) ಫೈಲ್‌ಗಳ ಸಿಡಿ ಅಥವಾ ಲಿಂಕ್ ಕೇಳಿ ಪಡೆಯಿರಿ. ಮೈದಾನಕ್ಕೆ ಮರಳುವ ದಿನ ನಿರ್ಧರಿಸಲು ಮತ್ತೆ ಸ್ಕ್ಯಾನ್ ಮಾಡಿಸುವುದಕ್ಕೆ ಮಾತ್ರ ನಮ್ಮ ಒಪ್ಪಿಗೆ ಇಲ್ಲ: ನೋವು ಹೋಗಿ ತಿಂಗಳುಗಳಾದರೂ ಎಡಿಮಾ ಉಳಿದಿರಬಹುದು. ಮೊಣಕಾಲುಗಳ ನಡುವೆ ಮುಷ್ಟಿ ಇಟ್ಟು ಒತ್ತಿದಾಗ ನೋವಿದೆಯೇ, ಪೂರ್ತಿ ವೇಗದಲ್ಲಿ ಓಡಿ ತಿರುಗಿ ಒದೆಯಲು ಆಗುತ್ತದೆಯೇ ಎಂಬುದೇ ಆ ನಿರ್ಧಾರಕ್ಕೆ ಆಧಾರ.